ನಾರ್ವಿಚ್‌ನಿಂದ ಅಪ್ಪಯ್ಯನಿಗೆ: ಹಳೆಯ ಧಾರಾವಾಹಿಗಳ ಒಂದು ದಿನ

ನಾರ್ವಿಚ್, ಇಂಗ್ಲೆಂಡ್
ಶನಿವಾರ ರಾತ್ರಿ

ತೀರ್ಥರೂಪು ಅಪ್ಪಯ್ಯನವರಿಗೆ ಮಗಳು ಸುಮಾ ಬೇಡುವ ಆಶೀರ್ವಾದಗಳು.

ನಾನು ಇಲ್ಲಿ ಕ್ಷೇಮ. ನಾನು ಕೆಲಸ ಮಾಡುವ ವೃದ್ಧಾಶ್ರಮದಲ್ಲಿ ಹಿರಿಯರಿಗೆ ಹೊತ್ತು ಹೇಗೆ ಹೋಗುತ್ತದೆ ಎಂದು ಕೇಳಿ ಬರೆದಿದ್ದಿರಿ. ಅವರ ದಿನವನ್ನು ನಡೆಸುವುದು ಗಡಿಯಾರಕ್ಕಿಂತ ಹೆಚ್ಚಾಗಿ ಹಜಾರದಲ್ಲಿರುವ ಟಿವಿ.

ಹಳೆಯ ಚಲನಚಿತ್ರ, ಹಳೆಯ ಧಾರಾವಾಹಿಗಳಿಗೆಂದೇ ಮೀಸಲಾದ ಟಾಕಿಂಗ್ ಪಿಕ್ಚರ್ಸ್ ಟಿವಿ ಎಂಬ ವಾಹಿನಿ ಇಲ್ಲಿದೆ. ನೋಯಲ್ ಕ್ರೋನಿನ್ ಮತ್ತು ಅವರ ಮಗಳು ಸಾರಾ ಸೇರಿ 2015ರಲ್ಲಿ ಅದನ್ನು ಆರಂಭಿಸಿದರು. ತಂದೆ-ಮಗಳ ಕೆಲಸವೆಂದು ತಿಳಿದಾಗ ನನಗೆ ನಿಮ್ಮ ನೆನಪೇ ಬಂತು. ಹಗಲಿನಲ್ಲಿ 'ಗಿಡಿಯನ್ಸ್ ವೇ' ಬಂದರೆ, ಲಂಡನ್ನಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ಇಲ್ಲಿನ ಅಜ್ಜರೊಬ್ಬರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಅದು 1960ರ ದಶಕದ, ಕೇವಲ 26 ಕಂತುಗಳ ಪೊಲೀಸ್ ಕಥೆ. ಬಹಳಷ್ಟನ್ನು ಲಂಡನ್ನಿನ ಬೀದಿಗಳಲ್ಲೇ ಚಿತ್ರೀಕರಿಸಿದ್ದಾರೆ. ಕಳ್ಳ ಸಿಕ್ಕನೋ ಇಲ್ಲವೋ ಎಂಬುದು ಅಜ್ಜರಿಗೆ ಮುಖ್ಯವಲ್ಲ. ಪರದೆಯ ಮೂಲೆಯಲ್ಲಿ ಹಾದುಹೋಗುವ ಬಸ್ಸು, ಈಗ ಇಲ್ಲದ ಅಂಗಡಿ, ತಾವು ನಡೆದಾಡಿದ ರಸ್ತೆಯ ತಿರುವು ಇವನ್ನು ನೋಡುತ್ತಾ, ಬೆಳಗ್ಗೆ ನನ್ನ ಹೆಸರನ್ನೇ ಮರೆತಿದ್ದವರು, ಒಂದೊಂದು ಬೀದಿಯ ಹೆಸರನ್ನೂ ತಪ್ಪದೆ ಹೇಳುತ್ತಾರೆ.

ಮಧ್ಯಾಹ್ನ ಊಟವಾದ ಮೇಲೆ ನಾವೇ ಡಿವಿಡಿಯಲ್ಲಿ 'ಅಪ್‌ಸ್ಟೇರ್ಸ್, ಡೌನ್‌ಸ್ಟೇರ್ಸ್' ಹಾಕುತ್ತೇವೆ. ಮಹಡಿಯ ಮೇಲೆ ಸಿರಿವಂತ ಕುಟುಂಬ, ಕೆಳಗೆ ಅಡುಗೆಯವರು, ಆಳುಕಾಳುಗಳು; 1971ರಿಂದ 1975ರವರೆಗೆ 68 ಕಂತು ನಡೆದ ಧಾರಾವಾಹಿ. ಅದರ ಆರಂಭದ ಕಂತುಗಳು ಕಪ್ಪು-ಬಿಳುಪಿನಲ್ಲಿರುವುದನ್ನು ಕಂಡು ಟಿವಿ ಕೆಟ್ಟಿತೆಂದೇ ನಾನು ಭಾವಿಸಿದ್ದೆ. ಆಗ ಅದನ್ನು ಪ್ರಸಾರ ಮಾಡುತ್ತಿದ್ದ ಐಟಿವಿ ವಾಹಿನಿಯ ತಂತ್ರಜ್ಞರು ವೇತನದ ವಿಷಯವಾಗಿ ಬಣ್ಣದ ಉಪಕರಣಗಳನ್ನು ಮುಟ್ಟುವುದಿಲ್ಲವೆಂದು ಮುಷ್ಕರ ಹೂಡಿದ್ದರಂತೆ.

ಶನಿವಾರ ಸಂಜೆ ಬಿಬಿಸಿ ಟೂನಲ್ಲಿ 'ಡ್ಯಾಡ್ಸ್ ಆರ್ಮಿ' ಬಂದಾಗ ಮಾತ್ರ ಹಜಾರದಲ್ಲಿ ಒಂದು ಕುರ್ಚಿಯೂ ಖಾಲಿ ಇರುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಲಾಗದ ವಯಸ್ಸಾದವರು, ಊರಿನ ಬ್ಯಾಂಕ್ ಮ್ಯಾನೇಜರನ ಮುಂದಾಳತ್ವದಲ್ಲಿ, ಕರಾವಳಿಯ ಒಂದು ಪಟ್ಟಣವನ್ನು ಕಾಯಲು ನಿಲ್ಲುವ ಹಾಸ್ಯಕಥೆ ಅದು. ನೋಡುತ್ತ ಹೋದರೆ, ನಗುವಿನ ಹಿಂದೆ ಆ ಮುದುಕರ ಧೈರ್ಯದ ಬಗ್ಗೆ ನಿಜವಾದ ಗೌರವವಿರುವುದು ತಿಳಿಯುತ್ತದೆ. ನನಗೆ ಅದು ಇಷ್ಟವಾಗುವುದು ಇದಕ್ಕೇ. ಅದರ ಹೊರಾಂಗಣ ದೃಶ್ಯಗಳನ್ನು ನಮ್ಮ ಪಕ್ಕದ ಥೆಟ್‌ಫರ್ಡ್‌ನ ಸುತ್ತಮುತ್ತ ತೆಗೆದಿದ್ದಾರೆ. ಅಲ್ಲಿನ ಹೊಳೆಯ ಬಳಿ, ಕಥೆಯ ಆ ಬ್ಯಾಂಕ್ ಮ್ಯಾನೇಜರ್ ಕ್ಯಾಪ್ಟನ್ ಮ್ಯಾನರಿಂಗ್ ಬೆಂಚಿನ ಮೇಲೆ ಕುಳಿತಿರುವ ಪ್ರತಿಮೆಯನ್ನು ನಾನೂ ನೋಡಿ ಬಂದೆ.

ಅಪ್ಪಯ್ಯ, ಇಷ್ಟೆಲ್ಲ ಬರೆಯಲು ಒಂದು ಕಾರಣವಿದೆ. 1968ರಿಂದ 1977ರವರೆಗೆ ಬಂದ ಆ ಧಾರಾವಾಹಿಯ 80 ಕಂತುಗಳಲ್ಲಿ ಮೂರು ಇಂದಿಗೂ ಸಿಕ್ಕಿಲ್ಲ. ಆಗಿನ ವಿಡಿಯೊ ಟೇಪು ಬಹಳ ದುಬಾರಿಯಾಗಿದ್ದುದರಿಂದ, ಮರುಪ್ರಸಾರಕ್ಕೆ ಬಾರದೆಂದು ಕಂಡ ಕಾರ್ಯಕ್ರಮಗಳನ್ನು ಬಿಬಿಸಿಯವರು ಅಳಿಸಿ, ಅದೇ ಟೇಪಿನ ಮೇಲೆ ಬೇರೆಯದನ್ನು ಮುದ್ರಿಸುತ್ತಿದ್ದರು. 'ಡಾಕ್ಟರ್ ಹೂ' ಎಂಬ ಧಾರಾವಾಹಿಯ ತೊಂಬತ್ತಕ್ಕೂ ಹೆಚ್ಚು ಕಂತುಗಳು ಹೀಗೆ ಇಲ್ಲವಾಗಿವೆ. 'ಡ್ಯಾಡ್ಸ್ ಆರ್ಮಿ'ಯ ಕಳೆದುಹೋಗಿದ್ದ ಬೇರೆ ಎರಡು ಕಂತುಗಳು 2001ರಲ್ಲಿ ಮರಳಿ ದೊರೆತವು. ಸ್ಟುಡಿಯೊ ಒಂದರ ಕಸದ ರಾಶಿಯಿಂದ ಯಾರೋ ಪುಣ್ಯಾತ್ಮರು ಆ ಫಿಲ್ಮ್ ಡಬ್ಬಿಗಳನ್ನು ಎತ್ತಿಟ್ಟುಕೊಂಡಿದ್ದರಂತೆ.

ನಮ್ಮ ಅಟ್ಟದ ಮೇಲೆ, ನೀವು ಬೆಂಗಳೂರು ದೂರದರ್ಶನದ ನಾಟಕಗಳನ್ನೂ ಸಂಗೀತ ಕಛೇರಿಗಳನ್ನೂ ರೆಕಾರ್ಡ್ ಮಾಡಿಟ್ಟ ವಿಡಿಯೊ ಕ್ಯಾಸೆಟ್ಟುಗಳಿವೆಯಲ್ಲ, ಅವನ್ನು ಗುಜರಿಯವನಿಗೆ ಕೊಡಬೇಡಿರೆಂದು ಅಮ್ಮನಿಗೂ ತಮ್ಮನಿಗೂ ದಯವಿಟ್ಟು ಹೇಳಿ. ತೀರ್ಥಹಳ್ಳಿಯ ಮಳೆಗಾಲಕ್ಕೆ ಅವು ಬೂಷ್ಟು ಹಿಡಿಯದಿರುವುದಿಲ್ಲ. ಆದ್ದರಿಂದ ಕೆಳಗಿಳಿಸಿ, ಒಣಬಟ್ಟೆಯಲ್ಲಿ ಒರೆಸಿ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿ ಬೀರುವಿನಲ್ಲಿ ಇಡಿ. ಬೂಷ್ಟು ಕಂಡದ್ದನ್ನು ಮಾತ್ರ ಯಂತ್ರಕ್ಕೆ ಹಾಕದೆ ಬೇರೆಯೇ ಇರಿಸಿ. ಏಪ್ರಿಲ್‌ನಲ್ಲಿ ರಜೆಗೆ ಬಂದಾಗ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಡುವವರ ಬಳಿಗೆ ನಾನೇ ಒಯ್ಯುತ್ತೇನೆ. ಯಾವ ಕ್ಯಾಸೆಟ್ಟಿನಲ್ಲಿ ಏನಿದೆ ಎಂದು ನೆನಪಿರುವಷ್ಟನ್ನು ಅಷ್ಟರೊಳಗೆ ಒಂದು ಹಾಳೆಯಲ್ಲಿ ಬರೆದಿಡಿ.

ಅಮ್ಮನಿಗೆ ನನ್ನ ನಮಸ್ಕಾರಗಳು.

ಇಂತಿ ನಿಮ್ಮ ಮಗಳು,
ಸುಮಾ