ಭಾನುವಾರದ ಸಿನಿಮಾ: ಫಾರ್ಗೋ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಕೋಯೆನ್ ಸಹೋದರರ 'ಫಾರ್ಗೋ' (1996) ನೋಡೋಣ. ಕಾರು ಮಾರುವವನೊಬ್ಬ ಮಾವನ ದುಡ್ಡು ಹೊಡೆಯಲು ತನ್ನ ಹೆಂಡತಿಯನ್ನೇ ಕಿಡ್ನ್ಯಾಪ್ ಮಾಡಿಸುತ್ತಾನೆ. ಆಮೇಲೆ ಹೆಣದ ಮೇಲೆ ಹೆಣ. ಆದರೂ ನಗು ತಡೆಯೋಕಾಗಲ್ಲ!

ಪೊಲೀಸ್ ಅಧಿಕಾರಿ ಮಾರ್ಜ್ 7 ತಿಂಗಳ ಬಸುರಿ. ಹಿಮದಲ್ಲಿ ಕೊಲೆಯಾದ ಜಾಗ ನೋಡುತ್ತಾ ದಿಢೀರನೆ ಬಗ್ಗುತ್ತಾಳೆ. ಏನೋ ಸುಳಿವು ಸಿಕ್ಕಿತು ಅಂದುಕೊಳ್ಳುತ್ತೇವೆ, ಅಲ್ವಾ? ಸುಮ್ನೆ ವಾಕರಿಕೆ ಅಷ್ಟೇ. ಅದು ನಿಂತ ಕೂಡಲೇ ಮತ್ತೆ ಹಸಿವು! ಈ ಪಾತ್ರಕ್ಕೆ ಫ್ರಾನ್ಸಿಸ್ ಮೆಕ್‌ಡಾರ್ಮಂಡ್‌ಗೆ ಆಸ್ಕರ್ ಬಂತು. ಬರಲೇಬೇಕಿತ್ತು.

ಶುರುವಿನಲ್ಲಿ 'ನಿಜ ಕಥೆ' ಅಂತ ತೋರಿಸುತ್ತಾರೆ. ನಂಬಬೇಡಿ, ಕಥೆ ಕಟ್ಟಿದ್ದೇ. ರಕ್ತಪಾತ ಜಾಸ್ತಿ ಇದೆ, ದಯವಿಟ್ಟು ಮಕ್ಕಳನ್ನು ಕರೆತರಬೇಡಿ. ಬರುವವರು ಶನಿವಾರದೊಳಗೆ ಇಲ್ಲೇ ತಿಳಿಸಿ.