ಗುಡಿಯಿಲ್ಲದ ಕತೆಯೊಳಗಿನ ದೇವರು: ಅಪ್ಪನಿಗೊಂದು ಪತ್ರ

ಆಕ್ಸ್‌ಫರ್ಡ್

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನೀವೂ ಅಮ್ಮನೂ ಚೆನ್ನಾಗಿದ್ದೀರೆಂದು ಅಕ್ಕ ಫೋನಿನಲ್ಲಿ ಹೇಳಿದಳು. ನಿಮ್ಮ ಕಾಗದ ತಲುಪಿತು. ಮೊಮ್ಮಗಳು ಹಗಲೂ ರಾತ್ರಿಯೂ ಏನು ಓದುತ್ತಾಳೆಂದು ಪರೀಕ್ಷಿಸಲು ಹೋದವರು ನೀವೇ ಟೋಲ್ಕಿನ್‌ನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಮೂರೂ ಸಂಪುಟಗಳನ್ನು ಓದಿ ಮುಗಿಸಿದ್ದೀರಿ. ಅದರಲ್ಲಿ ನನಗೆ ಆಶ್ಚರ್ಯವೇನಿಲ್ಲ. ಆಶ್ಚರ್ಯವಾದದ್ದು ನಿಮ್ಮ ತೀರ್ಪು. ‘ಇಷ್ಟು ದಪ್ಪದ ಪುಸ್ತಕದಲ್ಲಿ ಒಂದು ಗುಡಿಯಿಲ್ಲ, ಒಬ್ಬ ಪುರೋಹಿತನಿಲ್ಲ, ಬರೆದವನು ಅಪ್ಪಟ ನಾಸ್ತಿಕನಿರಬೇಕು’ ಎಂದಿದ್ದೀರಿ. ಅದೇ ಕಾಗದದ ಹಿಂಬದಿಯಲ್ಲಿ ಸಿ.ಎಸ್. ಲೂಯಿಸ್‌ನ ನಾರ್ನಿಯಾ ಕತೆಗಳ ಬಗ್ಗೆ ಇದಕ್ಕೆ ತದ್ವಿರುದ್ಧವಾದ ದೂರು: ‘ಸತ್ತು ಎದ್ದುಬರುವ ಈ ಸಿಂಹ ಯೇಸುವಲ್ಲದೆ ಇನ್ನಾರು? ಕತೆ ಹೇಳುವ ನೆಪದಲ್ಲಿ ಮಗುವಿಗೆ ಮತಬೋಧನೆ ನಡೆಯುತ್ತಿದೆ.’

ಸಿಂಹದ ವಿಷಯದಲ್ಲಿ ನಿಮ್ಮ ಊಹೆ ಸರಿ. ನಾಸ್ತಿಕನ ವಿಷಯದಲ್ಲಿ ಮಾತ್ರ ಖಂಡಿತ ಅಲ್ಲ. ಇಂಥ ಕಲ್ಪಿತ ಲೋಕಗಳ ಕತೆ ಬರೆದವರಲ್ಲಿ ಟೋಲ್ಕಿನ್‌ನಷ್ಟು ಗಟ್ಟಿ ಆಸ್ತಿಕ ಸಿಗುವುದು ಕಷ್ಟ.

ಅವನ ತಾಯಿ ಮೇಬಲ್ 1900ರಲ್ಲಿ ಕ್ಯಾಥೊಲಿಕ್ ಪಂಥಕ್ಕೆ ಸೇರಿದಳು. ಅದಕ್ಕಾಗಿ ಬಂಧುಗಳು ಮುನಿಸಿಕೊಂಡು ಹಣದ ನೆರವನ್ನು ನಿಲ್ಲಿಸಿದರು. ಆಗಲೇ ವಿಧವೆಯಾಗಿದ್ದ ಆಕೆ ಇಬ್ಬರು ಗಂಡುಮಕ್ಕಳನ್ನು ಕಷ್ಟದಲ್ಲಿ ಸಾಕುತ್ತ 1904ರಲ್ಲಿ ಮಧುಮೇಹದಿಂದ ತೀರಿಕೊಂಡಳು. ಇನ್ಸುಲಿನ್ ಇನ್ನೂ ಬಂದಿರದ ಕಾಲ. ಹನ್ನೆರಡು ವರ್ಷದ ಹುಡುಗನಿಗೆ ಪಾಲಕನಾದವನು ಬರ್ಮಿಂಗ್‌ಹ್ಯಾಮ್‌ನ ಒಬ್ಬ ಪಾದ್ರಿ, ಫ್ರಾನ್ಸಿಸ್ ಮಾರ್ಗನ್. ತಾಯಿ ತನ್ನ ನಂಬಿಕೆಗಾಗಿ ಪ್ರಾಣ ಕೊಟ್ಟಳೆಂದೇ ಟೋಲ್ಕಿನ್ ಕೊನೆಯವರೆಗೂ ಭಾವಿಸಿದ್ದ. ಅಂಥವನು ಗುಡಿಯಿಲ್ಲದ ಲೋಕವನ್ನು ಏಕೆ ಕಟ್ಟಿದ ಎನ್ನುವುದಕ್ಕೆ 1953ರಲ್ಲಿ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಒಬ್ಬ ಗೆಳೆಯನಿಗೆ ಬರೆದ ಪತ್ರದಲ್ಲಿ ಅವನದೇ ಉತ್ತರವಿದೆ. ಇದು ಮೂಲತಃ ಧಾರ್ಮಿಕ ಕೃತಿ, ಕ್ಯಾಥೊಲಿಕ್ ಕೃತಿ. ಮೊದಲು ಅರಿವಿಲ್ಲದೆ ಹಾಗಾಯಿತು, ತಿದ್ದುವಾಗ ಅರಿತೇ ಹಾಗೆ ಮಾಡಿದೆ. ಆದ್ದರಿಂದಲೇ ಪೂಜೆ, ಆಚರಣೆ ಎಂಬಂಥವನ್ನೆಲ್ಲ ಹೆಚ್ಚುಕಡಿಮೆ ತೆಗೆದುಹಾಕಿದೆ, ಏಕೆಂದರೆ ಧರ್ಮವು ಕತೆಯಲ್ಲಿಯೇ ಕರಗಿಹೋಗಿದೆ ಎನ್ನುತ್ತಾನೆ.

ಕರಗಿದ್ದನ್ನು ಹುಡುಕಿದರೆ ಸಿಗುತ್ತದೆ. ಕೇಡಿನ ಉಂಗುರವನ್ನು ಬೆಂಕಿಯಲ್ಲಿ ನಾಶಮಾಡಲು ಹೊತ್ತವರು ಎಲ್ಫರೆಂಬ ಅಮರ ಜನರ ನೆಲೆಯಾದ ರಿವೆಂಡೆಲ್‌ನಿಂದ ಹೊರಡುವುದು ಡಿಸೆಂಬರ್ 25ರಂದು. ಉಂಗುರ ಬೆಂಕಿಗೆ ಬೀಳುವುದು ಮಾರ್ಚ್ 25ರಂದು. ದೇವದೂತನು ಮರಿಯಳಿಗೆ ಶುಭವಾರ್ತೆ ತಂದನೆಂದು ಕ್ರೈಸ್ತರು ಆಚರಿಸುವ ದಿನ ಅದು. ಇಂಗ್ಲೆಂಡಿನಲ್ಲಿ 1752ರ ಸುಧಾರಣೆಯವರೆಗೂ ಕಾನೂನಿನ ಪ್ರಕಾರ ಹೊಸ ವರ್ಷ ಶುರುವಾಗುತ್ತಿದ್ದದ್ದೂ ಅಂದೇ, ಕತೆಯೊಳಗಿನ ಗೊಂಡೋರ್ ರಾಜ್ಯದ ಹೊಸ ವರ್ಷವೂ ಅಂದಿನಿಂದಲೇ. ದಾರಿಬುತ್ತಿಯಾಗಿ ಎಲ್ಫರು ಕೊಡುವ ರೊಟ್ಟಿ ಇದೆಯಲ್ಲ, ಬೇರೆ ಆಹಾರ ಬೆರೆಸದೆ ಅದೊಂದನ್ನೇ ತಿಂದಷ್ಟೂ ಮನೋಬಲ ಹೆಚ್ಚುತ್ತದೆ. ಕ್ಯಾಥೊಲಿಕ್ ಓದುಗರಿಗೆ ಅಲ್ಲಿ ಪರಮಪ್ರಸಾದ, ಅಂದರೆ ಚರ್ಚಿನಲ್ಲಿ ಯೇಸುವಿನ ದೇಹವೆಂದು ಸ್ವೀಕರಿಸುವ ರೊಟ್ಟಿ, ನೆನಪಾಗದೆ ಇರದು. ಇನ್ನು, ಗೊಂಡೋರಿನ ದಳಪತಿ ಫರಾಮಿರ್‌ನ ಕಡೆಯವರು ಊಟಕ್ಕೆ ಮುಂಚೆ ಪಶ್ಚಿಮಕ್ಕೆ ತಿರುಗಿ ಒಂದು ಗಳಿಗೆ ಸುಮ್ಮನೆ ನಿಲ್ಲುವುದನ್ನು ನೀವು ಓದಿಯೂ ಮರೆತಿರಬೇಕು. ಇಡೀ ಕೃತಿಯಲ್ಲಿ ಪ್ರಾರ್ಥನೆಗೆ ತೀರ ಹತ್ತಿರ ಬರುವ ಜಾಗಗಳಲ್ಲಿ ಅದೂ ಒಂದು.

ಇವೆಲ್ಲ ಗುರುತು ಹಿಡಿಯುವ ಆಟ ಎಂದು ನೀವು ತಳ್ಳಿಹಾಕಬಹುದು. ನಿಜವಾದ ವಿಷಯ ಇರುವುದು ಕೊನೆಯ ಘಟ್ಟದಲ್ಲಿ. ಉಂಗುರ ಹೊತ್ತ ಫ್ರೋಡೊ ಅಷ್ಟು ದೂರ ನಡೆದು ಬಂದು ಬೆಂಕಿಯ ಅಂಚಿನಲ್ಲಿ ನಿಂತು ಸೋಲುತ್ತಾನೆ. ಉಂಗುರ ನನ್ನದು ಎನ್ನುತ್ತಾನೆ. ಲೋಕ ಉಳಿಯುವುದು ಅವನ ಪರಾಕ್ರಮದಿಂದಲ್ಲ. ಹಿಂದೊಮ್ಮೆ ಅವನ ಹಿರಿಯ ಬಂಧು ಬಿಲ್ಬೊ, ಆಮೇಲೆ ಫ್ರೋಡೊ, ಉಂಗುರದ ಹಂಬಲದಲ್ಲೇ ಕೆಟ್ಟುಹೋಗಿದ್ದ, ಕೊಲ್ಲಬಹುದಾಗಿದ್ದ ಗೊಲ್ಲಮ್‌ನನ್ನು ಕನಿಕರದಿಂದ ಬಿಟ್ಟಿದ್ದರಿಂದ. ಉಂಗುರವನ್ನು ಕಿತ್ತುಕೊಂಡು ಅದರೊಡನೆ ಬೆಂಕಿಗೆ ಬೀಳುವವನು ಆ ಗೊಲ್ಲಮ್‌ನೇ. ಮನುಷ್ಯನ ಬಲ ಕೊನೆಗೆ ಸಾಲದು, ಅಲ್ಲಿ ಕೃಪೆಯೇ ಬರಬೇಕು ಎಂಬ ಕ್ರೈಸ್ತ ಶ್ರದ್ಧೆಯನ್ನು ದೇವರ ಹೆಸರೆತ್ತದೆ ಹೇಳಿದ್ದಾನೆ. ಮಹಾಭಾರತದ ಲೋಕ ಹಾಗೆ ನಡೆಯುವುದಿಲ್ಲ. ಕರ್ಣನ ರಥದ ಚಕ್ರ ಹೂತುಹೋಗುವುದು, ಅಸ್ತ್ರದ ಮಂತ್ರ ಮರೆತುಹೋಗುವುದು ಶಾಪದಿಂದ. ಕೊಟ್ಟ ಮಾತು, ಪಡೆದ ವರ, ತಗುಲಿದ ಶಾಪ, ಮಾಡಿದ ಕರ್ಮ ಇವುಗಳ ಲೆಕ್ಕ ತಪ್ಪುವುದೇ ಇಲ್ಲ. ಹಿರಣ್ಯಕಶಿಪುವನ್ನು ಕೊಲ್ಲಬೇಕಾದರೆ ವಿಷ್ಣುವೇ ಆ ವರದ ಮಾತುಗಳ ಸಂದಿಯಲ್ಲಿ ನುಸುಳಿ ಬರಬೇಕಾಯಿತು. ನನಗೆ ತಿಳಿದಮಟ್ಟಿಗೆ ಧರ್ಮಗ್ರಂಥವು ಕಲ್ಪಿತ ಕತೆಗೆ ಕೊಡುವ ಅತಿ ದೊಡ್ಡ ವಸ್ತು ಇದೇ: ಆ ಲೋಕದಲ್ಲಿ ಏನು ಮಾಡಿದರೆ ಏನಾಗುತ್ತದೆ ಎಂಬ ಕಟ್ಟಳೆ. ದೇವತೆ, ರಾಕ್ಷಸ, ಮಾಯೆ, ಮಂತ್ರ ಎಲ್ಲ ಆಮೇಲಿನವು.

ಟೋಲ್ಕಿನ್‌ನ ಜಾಣತನ ಇನ್ನೊಂದಿದೆ. ಕುಳ್ಳರ ಹೆಸರುಗಳನ್ನೂ ಮಾಂತ್ರಿಕನ ಗಂಡಾಲ್ಫ್ ಎಂಬ ಹೆಸರನ್ನೂ ಅವನು ಎತ್ತಿಕೊಂಡದ್ದು ಪ್ರಾಚೀನ ನಾರ್ಸ್ ಕಾವ್ಯ ವೊಲುಸ್ಪಾದಿಂದ. ಅವನ ದುರಂತ ನಾಯಕ ಟೂರಿನ್‌ನ ಬೇರು ಫಿನ್‌ಲ್ಯಾಂಡಿನ ಮಹಾಕಾವ್ಯ ಕಲೆವಲದ ಕುಲ್ಲೆರ್ವೊ ಕತೆಯಲ್ಲಿದೆ. ಅಂದರೆ ತೊಗಲು ಆರಾಧಕರು ಇಲ್ಲವಾದ ಹಳೆಯ ಧರ್ಮಗಳದು, ಮೂಳೆ ಮಾತ್ರ ಅವನು ದಿನವೂ ಬಾಳುತ್ತಿದ್ದ ಧರ್ಮದ್ದು. ಆದ್ದರಿಂದ ಯಾರಿಗೂ ನೋವಾಗಲಿಲ್ಲ, ಯಾರಿಗೂ ಉಪದೇಶವೂ ಆಗಲಿಲ್ಲ. ಒಬ್ಬ ಕ್ಯಾಥೊಲಿಕ್ ಬರೆದದ್ದನ್ನು ಇನ್ನೊಂದು ಖಂಡದ ಒಬ್ಬ ಮಾಧ್ವ ಓದಿ ನಾಸ್ತಿಕನ ಕೃತಿ ಎಂದುಕೊಂಡನೆಂದರೆ ಅದು ಅವನಿಗೆ ಸಿಕ್ಕ ಪ್ರಶಸ್ತಿ ಎಂದೇ ಹೇಳುತ್ತೇನೆ, ಬೇಸರಿಸಬೇಡಿ.

ಲೂಯಿಸ್ ಟೋಲ್ಕಿನ್‌ನ ಗೆಳೆಯ. ಇಲ್ಲಿನ ಮ್ಯಾಗ್ಡಲೆನ್ ಕಾಲೇಜಿನ ಹಿಂದೆ ಮರಗಳ ನಡುವೆ ಸುತ್ತಿ ಬರುವ ಅಡಿಸನ್ಸ್ ವಾಕ್ ಎಂಬ ದಾರಿಯಿದೆ. 1931ರ ಸೆಪ್ಟೆಂಬರಿನ ಒಂದು ರಾತ್ರಿ ಲೂಯಿಸ್, ಟೋಲ್ಕಿನ್, ಅವರ ಗೆಳೆಯ ಹ್ಯೂಗೊ ಡೈಸನ್ ಮೂವರೂ ಅಲ್ಲಿ ನಡೆಯುತ್ತ ಪುರಾಣಗಳ ಬಗ್ಗೆ ವಾದಿಸಿದರು. ಬಹುಕಾಲ ನಾಸ್ತಿಕನಾಗಿದ್ದು, ದೇವರಿದ್ದಾನೆ ಎಂಬಲ್ಲಿಗೆ ಮಾತ್ರ ಬಂದಿದ್ದ ಲೂಯಿಸ್‌ಗೆ ಪುರಾಣಗಳೆಲ್ಲ ಸುಂದರವಾದ ಸುಳ್ಳು. ಅವು ಸುಳ್ಳಲ್ಲ, ಸತ್ಯದ ತುಣುಕುಗಳು ಎಂಬುದು ಟೋಲ್ಕಿನ್‌ನ ಪಟ್ಟು. ಕೆಲವೇ ದಿನಗಳಲ್ಲಿ ಲೂಯಿಸ್ ಕ್ರೈಸ್ತನಾದ. ಯೇಸುವಿನ ಕತೆ ನಿಜವಾಗಿ ನಡೆದುಹೋದ ಪುರಾಣ ಎಂದು ಒಪ್ಪಿಕೊಂಡ. ಪುರಾಣ ದೊಡ್ಡದೋ ಇತಿಹಾಸ ದೊಡ್ಡದೋ ಎಂದು ನೀವೂ ಚಿಕ್ಕಪ್ಪನೂ ಕಿತ್ತಾಡುತ್ತಿದ್ದುದು ಅಲ್ಲಿ ನಡೆಯುವಾಗಲೆಲ್ಲ ನೆನಪಾಗುತ್ತದೆ, ಆದರೆ ನಿಮ್ಮಿಬ್ಬರಲ್ಲಿ ಯಾರೂ ಮತಾಂತರವಾಗಲಿಲ್ಲ.

ಹೊಸ ನಂಬಿಕೆಯ ಉತ್ಸಾಹ ನಾರ್ನಿಯಾದಲ್ಲಿ ಎದ್ದು ಕಾಣುತ್ತದೆ. 1950ರ ಮೊದಲ ಪುಸ್ತಕದಲ್ಲಿ ಸಿಂಹ ಅಸ್ಲಾನ್ ಒಬ್ಬ ಹುಡುಗನ ದ್ರೋಹಕ್ಕೆ ಪ್ರತಿಯಾಗಿ ತಾನು ಸಾಯುತ್ತಾನೆ, ಮರಳಿ ಬರುತ್ತಾನೆ. ಇಂಥ ಲೋಕವೊಂದಿದ್ದು ಅಲ್ಲಿ ದೇವರ ಮಗ ಅವತರಿಸಿದರೆ ಹೇಗಿರುತ್ತದೆ ಎಂದು ಊಹಿಸಿದೆನೇ ಹೊರತು ಸಂಕೇತಗಳನ್ನು ಹೊಲಿದಿಲ್ಲ ಎಂದು ಲೂಯಿಸ್ ಸಮರ್ಥಿಸಿಕೊಂಡ. ಟೋಲ್ಕಿನ್‌ಗೆ ಅದು ಹಿಡಿಸಲಿಲ್ಲ. ಗ್ರೀಕರ ಅರೆಮನುಷ್ಯರೂ ಕ್ರಿಸ್‌ಮಸ್ ತಾತನೂ ಮಾತನಾಡುವ ಪ್ರಾಣಿಗಳೂ ಒಂದೇ ಕಾಡಿನಲ್ಲಿ ಕಲಸಿಹೋಗಿದ್ದು ಅವನಿಗೆ ಅಶಿಸ್ತಾಗಿ ಕಂಡಿತು. ಆ ವಿಷಯದಲ್ಲಿ ನಾನು ಟೋಲ್ಕಿನ್ ಪಕ್ಷ. ಕೊನೆಯ ಪುಸ್ತಕದಲ್ಲಿ ದಕ್ಷಿಣದ ಕಪ್ಪು ಮೈಬಣ್ಣದವರನ್ನು ತೋರಿಸಿದ ರೀತಿಯನ್ನಂತೂ ಇಂದು ಮಗುವಿನ ಜೊತೆ ಕೂತು ಮಾತನಾಡಿಯೇ ಓದಿಸಬೇಕು.

ಆದರೆ ಅದೇ ಪುಸ್ತಕದಲ್ಲಿ ನಿಮಗಾಗಿಯೇ ಇಟ್ಟಂತಿರುವ ಒಂದು ಪ್ರಸಂಗವಿದೆ. ಜೀವಮಾನವೆಲ್ಲ ಶತ್ರುಗಳ ದೇವರಾದ ಟಾಶ್‌ನನ್ನೇ ಪೂಜಿಸಿದ ಒಬ್ಬ ಯೋಧ ಅಸ್ಲಾನ್‌ನ ಎದುರು ಬಂದು ನಿಲ್ಲುತ್ತಾನೆ, ಇನ್ನು ತನಗೆ ಸಾವೇ ಎಂದುಕೊಳ್ಳುತ್ತಾನೆ. ನೀನು ಟಾಶ್‌ಗೆ ಸಲ್ಲಿಸಿದ ಸೇವೆಯನ್ನೆಲ್ಲ ನನಗೇ ಸಂದದ್ದೆಂದು ಎಣಿಸುತ್ತೇನೆ ಎನ್ನುತ್ತಾನೆ ಅಸ್ಲಾನ್. ಗೀತೆಯ ಒಂಬತ್ತನೆಯ ಅಧ್ಯಾಯದ ‘ಯೇಽಪ್ಯನ್ಯದೇವತಾ ಭಕ್ತಾ’ ಶ್ಲೋಕವನ್ನು ಪಕ್ಕದಲ್ಲಿಟ್ಟು ಓದಿ: ಅನ್ಯ ದೇವತೆಗಳನ್ನು ಶ್ರದ್ಧೆಯಿಂದ ಭಜಿಸುವವರೂ ನನ್ನನ್ನೇ ಭಜಿಸುತ್ತಾರೆ, ವಿಧಿ ತಪ್ಪಿದರೂ ಸರಿಯೇ. ಲೂಯಿಸ್ ಗೀತೆಯಿಂದ ತೆಗೆದುಕೊಂಡ ಎಂದು ನಾನು ಹೇಳುತ್ತಿಲ್ಲ. ಮತಬೋಧನೆ ಎಂದು ನೀವು ಬದಿಗಿಟ್ಟ ಪುಸ್ತಕಮಾಲೆಯೊಳಗೆ ಇಂಥ ಮಾತೂ ಇದೆ ಎಂದಷ್ಟೇ.

ಇದೇ ಊರಿನಲ್ಲಿ ಓದಿದ ಫಿಲಿಪ್ ಪುಲ್ಮನ್ ಲೂಯಿಸ್‌ನ ಕಡು ವಿರೋಧಿ. ಪಾದ್ರಿಯೊಬ್ಬನ ಮೊಮ್ಮಗ, ಸ್ವತಃ ನಾಸ್ತಿಕ. 1995ರಿಂದ 2000ದವರೆಗೆ ಬಂದ ಅವನ ಮೂರು ಕಾದಂಬರಿಗಳ ಒಟ್ಟು ಹೆಸರೇ (‘ಹಿಸ್ ಡಾರ್ಕ್ ಮೆಟೀರಿಯಲ್ಸ್’) ಇಂಗ್ಲಿಷ್ ಕವಿ ಮಿಲ್ಟನ್‌ನ ಪ್ಯಾರಡೈಸ್ ಲಾಸ್ಟ್ ಮಹಾಕಾವ್ಯದ ಒಂದು ಸಾಲಿನಿಂದ ಬಂದದ್ದು. ಅಲ್ಲಿ ಚರ್ಚು ಮಕ್ಕಳ ಆತ್ಮವನ್ನು ಕತ್ತರಿಸುವ ಅಧಿಕಾರಕೂಟ. ಬೈಬಲ್ಲಿನ ಮೊದಲ ಹೆಣ್ಣು ಹವ್ವ ಹಣ್ಣು ತಿಂದದ್ದು ಪಾಪವಲ್ಲ, ಮನುಷ್ಯ ಬೆಳೆದು ದೊಡ್ಡವನಾದ ಗಳಿಗೆ. ಇಷ್ಟು ಸಿಟ್ಟಿನಿಂದ ಬೈಬಲ್ಲಿನ ಆದಿಕಾಂಡವನ್ನು ತಿರುಗಿ ಬರೆಯಬೇಕಾದರೆ ಅದು ಬಾಯಿಪಾಠವಾಗಿರಬೇಕು. ಜಯ ವಿಜಯರ ಕತೆ ಹೇಳುವಾಗ ನೀವು ವಿರೋಧಭಕ್ತಿ ಎನ್ನುತ್ತಿದ್ದಿರಲ್ಲ, ದ್ವೇಷಿಸಿಯೇ ದೇವರನ್ನು ಎಲ್ಲರಿಗಿಂತ ಹೆಚ್ಚು ನೆನೆಯುವುದು, ಪುಲ್ಮನ್ ಆ ಸಾಲಿಗೆ ಸೇರಿದವನು. ಅವನಿಗೆ ಹೇಳಿದರೆ ಕೋಪ ಬಂದೀತು. ನನಗೆ ಮೊದಲ ಎರಡು ಪುಸ್ತಕ ಬಹಳ ಇಷ್ಟ. ಮೂರನೆಯದರಲ್ಲಿ ಅವನೂ ಲೂಯಿಸ್‌ನಂತೆ ಪ್ರವಚನಕ್ಕಿಳಿಯುತ್ತಾನೆ, ಪೀಠ ಮಾತ್ರ ಬೇರೆ.

ಎಲ್ಲರಿಗಿಂತ ನನಗೆ ಹತ್ತಿರವಾದವಳು ಅಮೆರಿಕದ ಅರ್ಸುಲಾ ಲೆ ಗ್ವಿನ್. ಆಕೆಯ ತಂದೆ ಮಾನವಶಾಸ್ತ್ರಜ್ಞ. ಅವರ ಕಪಾಟಿನಲ್ಲಿದ್ದ ಪ್ರಾಚೀನ ಚೀನದ ಜ್ಞಾನಿ ಲಾವೋತ್ಸೆಯ ದಾವ್ ದ ಜಿಂಗ್ ಗ್ರಂಥವನ್ನು ಹುಡುಗಿಯಾಗಿದ್ದಾಗಲೇ ಹಿಡಿದವಳು, 1997ರಲ್ಲಿ ತಾನೇ ಅದನ್ನು ಇಂಗ್ಲಿಷಿಗೆ ತಂದಳು. 1968ರ ಆಕೆಯ ಅರ್ತ್‌ಸೀ ಕಾದಂಬರಿಯಲ್ಲಿ ಗೆಡ್ ಎಂಬ ಮಾಂತ್ರಿಕ ಹುಡುಗ ಸೊಕ್ಕಿನಿಂದ ಒಂದು ನೆರಳನ್ನು ಲೋಕಕ್ಕೆ ಬಿಡುತ್ತಾನೆ. ಅದು ಅವನನ್ನು ಅಟ್ಟುತ್ತದೆ, ಆಮೇಲೆ ಅವನು ಅದನ್ನು ಅಟ್ಟುತ್ತಾನೆ. ಕೊನೆಗೆ ಯುದ್ಧವಿಲ್ಲ, ವಧೆಯಿಲ್ಲ. ಅದನ್ನು ತನ್ನ ಹೆಸರಿನಿಂದಲೇ ಕರೆದು ತಬ್ಬಿಕೊಳ್ಳುತ್ತಾನೆ. ಬೆಳಕು ಕತ್ತಲೆಗಳು ಒಂದನ್ನೊಂದು ಗೆಲ್ಲುವುದಿಲ್ಲ, ಪರಸ್ಪರ ಹಿಡಿದು ನಿಲ್ಲಿಸುತ್ತವೆ ಎಂಬ ದಾವ್ ದೃಷ್ಟಿಯಿಲ್ಲದೆ ಇಂಥ ಮುಕ್ತಾಯ ಹೊಳೆಯಲಾರದು. ಒಬ್ಬ ಸೈತಾನನನ್ನು ಸೋಲಿಸಿಯೇ ಮುಗಿಯಬೇಕಾದ ಕತೆಗಳ ನಡುವೆ ಇದನ್ನು ಓದಿದಾಗ ನನಗೆ ಉಸಿರಾಡಲು ಜಾಗ ಸಿಕ್ಕಂತಾಯಿತು.

ಹ್ಯಾರಿ ಪಾಟರ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಒಂದು ಮಾತು. ಮಾಟಮಂತ್ರ ಕಲಿಸುತ್ತದೆಂದು ಕೆಲವು ಕ್ರೈಸ್ತ ಗುಂಪುಗಳು ವಿರೋಧಿಸಿದ ಆ ಮಾಲೆಯ ಕೊನೆಯ ಪುಸ್ತಕದಲ್ಲಿ ಹ್ಯಾರಿಯ ತಂದೆತಾಯಿಯ ಗೋರಿಯ ಮೇಲೆ ಕೆತ್ತಿರುವುದು ಕೊರಿಂಥದವರಿಗೆ ಪೌಲನು ಬರೆದ ಮೊದಲ ಪತ್ರದ ಸಾಲು: ಕಡೆಯ ಶತ್ರುವಾಗಿ ನಾಶವಾಗುವುದು ಮರಣ.

ಇಷ್ಟೆಲ್ಲ ಬರೆದದ್ದಕ್ಕೆ ಕಾರಣ ನಿಮ್ಮ ಕೊನೆಯ ಪ್ರಶ್ನೆ: ನಮ್ಮಲ್ಲಿ ಇಷ್ಟು ಪುರಾಣವಿದ್ದೂ ಇಂಥದ್ದನ್ನು ಬರೆಯುವವರು ಏಕೆ ಕಡಿಮೆ? ಬರೆಯುತ್ತಾರೆ, ಆದರೆ ಅವರ ಕಷ್ಟ ಬೇರೆ. ಟೋಲ್ಕಿನ್‌ಗೆ ಓಡಿನ್ ಎಂಬ ಹಳೆಯ ನಾರ್ಸ್ ದೇವರ ಭಕ್ತರ ಭಯವಿರಲಿಲ್ಲ. ಶಿವನನ್ನೋ ಕೃಷ್ಣನನ್ನೋ ಪಾತ್ರವಾಗಿಸಿದರೆ ಬೆಳಿಗ್ಗೆ ಅವನಿಗೆ ದೀಪ ಹಚ್ಚಿ ಬಂದವರೇ ಓದುಗರು. 1967ರಲ್ಲಿ ರೋಜರ್ ಝೆಲಾಜ್ನಿ ಎಂಬ ಅಮೆರಿಕದವನು ದೂರದ ಗ್ರಹವೊಂದರಲ್ಲಿ ಯಂತ್ರಬಲದಿಂದ ಹಿಂದೂ ದೇವತೆಗಳ ವೇಷ ತೊಟ್ಟು ಆಳುವವರ ಕತೆ ಬರೆದ. ಅವರ ವಿರುದ್ಧ ಎದ್ದ ಒಬ್ಬಾತ ಬುದ್ಧನ ದಾರಿಯನ್ನು ಆಯುಧ ಮಾಡಿಕೊಳ್ಳುತ್ತಾನೆ. ಅದಕ್ಕೆ ವೈಜ್ಞಾನಿಕ ಕಲ್ಪಿತ ಕತೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿ ಬಂತು. ಬುದ್ಧಿಗೆ ಹಬ್ಬ, ನಿಜ, ಆದರೆ ಓದುವಾಗ ನನ್ನ ದೇವರುಗಳನ್ನು ಯಾರೋ ಬಾಡಿಗೆಗೆ ತೊಟ್ಟಂತೆನಿಸಿತು. 2010ರಲ್ಲಿ ಅಮೀಶ್ ತ್ರಿಪಾಠಿ ಶಿವನನ್ನು ಟಿಬೆಟ್‌ನ ಬುಡಕಟ್ಟಿನ ಮನುಷ್ಯನಾಗಿ ಚಿತ್ರಿಸಿದಾಗ ಲಕ್ಷಾಂತರ ಓದುಗರು ಒಪ್ಪಿಕೊಂಡರು. ನಾಸ್ತಿಕನಾಗಿದ್ದವನು ಬರೆಯುತ್ತ ಶಿವಭಕ್ತನಾದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಆ ಪ್ರೀತಿ ಪುಟಗಳಲ್ಲಿ ಕಾಣುತ್ತದೆ, ಭಾಷೆ ಮಾತ್ರ ಪೇಲವ. ನನ್ನ ಆಸೆ ಇನ್ನೊಂದು ಬಗೆಯದು. ದೇವರ ಹೆಸರೊಂದೂ ಇಲ್ಲದ, ಹೊಚ್ಚಹೊಸ ಲೋಕವೊಂದನ್ನು ಕಟ್ಟಿ ಅದನ್ನು ಕರ್ಮದ ಕಟ್ಟಳೆಯ ಮೇಲೆ, ವರ ಶಾಪಗಳ ಲೆಕ್ಕದ ಮೇಲೆ ಯಾರಾದರೂ ಕನ್ನಡದಲ್ಲಿ ನಡೆಸಬೇಕು. ಮಾಧ್ವರೂ ಲಿಂಗಾಯತರೂ ಜೈನರೂ ಅದನ್ನೋದಿ, ಬರೆದವನು ನಮ್ಮವನೇ ಎಂದು ಜಗಳವಾಡಬೇಕು.

ಪುಟ್ಟಿಗೆ ಅರ್ತ್‌ಸೀಯ ಮೊದಲ ಪುಸ್ತಕವನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ. ಪುಲ್ಮನ್ ಇನ್ನೆರಡು ವರ್ಷ ಕಾಯಲಿ ಎಂದು ಅಕ್ಕನಿಗೂ ಹೇಳಿದ್ದೇನೆ. ನಂಬಿಕೆ ಕೆಡುತ್ತದೆಂದಲ್ಲ, ಅವನು ಯಾರ ಜೊತೆ ಜಗಳವಾಡುತ್ತಿದ್ದಾನೆಂದು ತಿಳಿಯಲು ಅವಳು ಮೊದಲು ಬೈಬಲ್ಲಿನ ಹವ್ವಳ ಏದೆನ್ ತೋಟದ ಕತೆಯನ್ನು ಓದಿರಬೇಕು. ಅದನ್ನು ನೀವೇ ಓದಿ ಹೇಳಿದರೆ ಇನ್ನೂ ಒಳ್ಳೆಯದು. ಮುಂದಿನ ಕಾಗದದಲ್ಲಿ ಗೊಲ್ಲಮ್ ಬಗ್ಗೆ ನಿಮಗೇನನ್ನಿಸಿತೆಂದು ಬರೆಯಿರಿ. ಅವನ ವಿಷಯವನ್ನೇ ನೀವು ಎತ್ತಿಲ್ಲ.

ಅಮ್ಮನಿಗೆ ನಮಸ್ಕಾರ ತಿಳಿಸಿ. ಅಕ್ಕನಿಗೂ ಪುಟ್ಟಿಗೂ ನನ್ನ ಪ್ರೀತಿ.

ಇಂತಿ ನಿಮ್ಮ ಮಗಳು