ಅಪ್ಪಾಜಿ, ಆ ಒಂದು ಗ್ರಾಂ ನಿಮ್ಮದು

ನ್ಯೂಕ್ಯಾಸಲ್, ಇಂಗ್ಲೆಂಡ್
ಭಾನುವಾರ ರಾತ್ರಿ

ತೀರ್ಥರೂಪು ಅಪ್ಪಾಜಿಯವರಿಗೆ, ಅವ್ವನಿಗೆ,

ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇತ್ತ ಕಡೆ ಕ್ಷೇಮ, ಅತ್ತ ಕಡೆಯ ಕ್ಷೇಮಕ್ಕೆ ಬರೆಯಿರಿ ಅಂತ ಶುರು ಮಾಡಬೇಕು. ಆದರೆ ಬೆಳಿಗ್ಗೆಯೇ ವಾಟ್ಸಾಪಿನಲ್ಲಿ ಎಲ್ಲರ ಮುಖ ನೋಡಿದ್ದಾಗಿದೆ. ಆದರೂ ಕಾಗದ ಯಾಕೆ ಅಂದರೆ, ಈ ವಿಷಯ ಫೋನಿನಲ್ಲಿ ಹೇಳಲು ಹೊರಟರೆ ಎರಡನೇ ಮಾತಿಗೇ ನೀವು "ಊಟ ಆಯ್ತಾ?" ಅಂತೀರಿ. ಆಯ್ತು. ಅನ್ನ, ಹುರುಳಿ ಸಾರು. ಇನ್ನು ಓದಿ.

ಚಿನ್ನಿ ಫೋನು ಹಿಡಿದುಕೊಂಡು ತೋಟಕ್ಕೆ ಓಡಿದ್ದು, ಒಣಗಿದ ನಾಲ್ಕನೇ ಬೋರಿನ ಮೇಲಿನ ಚಪ್ಪಡಿ ಸರಿಸಿ, ಗೋಣಿಚೀಲ ಕಿತ್ತು, "ಅತ್ತೆ, ಕೇಳು" ಅಂತ ಒಂದು ಕಲ್ಲು ಬಿಟ್ಟಿದ್ದು ನೀವೂ ನೋಡಿದಿರಿ. ಕೇಸಿಂಗ್ ಪೈಪಿಗೆ ಟಣ್ ಟಣ್ ಅಂತ ಎರಡು ಸಲ ಬಡಿದದ್ದು ನನಗೂ ಕೇಳಿಸಿತು. ಆಮೇಲೆ ಏನೂ ಇಲ್ಲ. "ಇದು ಹಂಗೇ ಹೋಗಿ ನಿಮ್ಮೂರಾಗೆ ಬೀಳ್ತದಾ?" ಅಂದಳು. ಹಿಂದಿನಿಂದ ನಿಮ್ಮ ದನಿ: "ಎಲ್ಲಿ ಬೀಳ್ತದೆ, ಆಳಕ್ಕೆ ಹೋದಷ್ಟೂ ಎಳೆತ ಜಾಸ್ತಿ. ಪಾತಾಳದಾಗೆ ಅಂಟಿಕೊಂಡು ಕೂರ್ತದೆ."

ಈ ಮಾತು ನಾನು ಮೊದಲ ಸಲ ಕೇಳಿದ್ದಲ್ಲ. ನಾನು ಸೆಕೆಂಡ್ ಪಿಯುಸಿಯಲ್ಲಿದ್ದಾಗ ಮೂರನೇ ಬೋರಿನ ಮೋಟಾರು ಸುಟ್ಟಿತ್ತು. ಮುಕ್ಕಾಲಿ ನಿಲ್ಲಿಸಿ, ಚೈನ್ ಪುಲಿ ಹಾಕಿ, ಒಂದೊಂದೇ ಪೈಪು ಬಿಚ್ಚುತ್ತ ಮೇಲೆತ್ತುತ್ತಿದ್ದಿರಿ. ನಿಮ್ಮ ಅಂಗೈ ಕೆಂಪಗಾಗಿತ್ತು. ಆಗಲೂ ಇದನ್ನೇ ಅಂದಿರಿ. ನಾನು ದಾವಣಗೆರೆ ಹಾಸ್ಟೆಲಿನಿಂದ ರಜೆಗೆ ಬಂದವಳು, ಹೊಸದಾಗಿ ಬಾಯಿಪಾಠ ಮಾಡಿದ್ದ ಸೂತ್ರ ತೆಗೆದು, ಆಳುಗಳ ಮುಂದೆಯೇ "ತಪ್ಪು. ಆಳಕ್ಕೆ ಹೋದಷ್ಟೂ ಗುರುತ್ವ ಕಡಿಮೆ ಆಗುತ್ತೆ, ಕೇಂದ್ರದಲ್ಲಿ ಸೊನ್ನೆ" ಅಂದುಬಿಟ್ಟೆ. ನೀವು ಮುಖದ ಬೆವರು ಒರೆಸಿಕೊಂಡು "ಆಯ್ತು ಕಣವ್ವ, ಓದಿದಾಕಿ ನೀನು" ಅಂದಿರಿ. ಅಷ್ಟೇ. ನಿಮಗೆ ಅದು ನೆನಪಿದೆಯೋ ಇಲ್ಲವೋ, ನನಗಿದೆ.

ಈಗ ಹೇಳುತ್ತೇನೆ: ನೀವು ಅರ್ಧ ಸರಿ ಇದ್ದಿರಿ. ನಮ್ಮ ಬೋರಿನ ಮಟ್ಟಿಗಂತೂ ಪೂರ್ತಿ ಸರಿ.

ಇದು ನನಗೆ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. ನಾನು ಪಂಪುಗಳ ಕೆಲಸ ಮಾಡುವ ಕಡೆ ಒಬ್ಬ ಹಿರಿಯರಿದ್ದಾರೆ. ಅವರಪ್ಪ ಕಲ್ಲಿದ್ದಲ ಗಣಿಯಲ್ಲಿದ್ದವರು. ಊಟದ ಹೊತ್ತಿನಲ್ಲಿ ನಮ್ಮ ಕಡೆಯ ಎಂಟುನೂರು ಅಡಿ ಬೋರಿನ ಕತೆ ಹೇಳಿದೆ, ಅವರು ಹಾರ್ಟನ್ ಗಣಿಯ ಕತೆ ಹೇಳಿದರು. ಇಲ್ಲಿಂದ ಹಳದಿ ಮೆಟ್ರೋ ಹತ್ತಿದರೆ ಸೌತ್ ಶೀಲ್ಡ್ಸ್, ಸಮುದ್ರದ ದಂಡೆಯ ಊರು. ಹಾರ್ಟನ್ ಅಲ್ಲೇ. 1854ರಲ್ಲಿ ಜಾರ್ಜ್ ಏರಿ ಅನ್ನುವ ಖಗೋಳಜ್ಞ ಆ ಗಣಿಯಲ್ಲಿ ಒಂದು ಲೋಲಕ ಮೇಲೆ, ಇನ್ನೊಂದು ಲೋಲಕ ಸುಮಾರು 383 ಮೀಟರ್ ಕೆಳಗೆ ಇಟ್ಟು, ನಡುವೆ ತಂತಿ ಎಳೆದು, ವಿದ್ಯುತ್ ಸಂಕೇತದಿಂದ ಎರಡನ್ನೂ ತಾಳೆ ನೋಡಿದ. ಇದಕ್ಕೆ ಮುಂಚೆ ಕಾರ್ನ್‌ವಾಲಿನ ಗಣಿಯಲ್ಲಿ ಎರಡು ಸಲ ಕೈಸುಟ್ಟುಕೊಂಡಿದ್ದ. ಒಂದು ಸಲ ಸಾಮಾನಿಗೆ ಬಾವಿಯಲ್ಲೇ ಬೆಂಕಿ ಹತ್ತಿತು, ಇನ್ನೊಂದು ಸಲ ಗಣಿಗೆ ನೀರು ನುಗ್ಗಿತು. ಬೋರು ಫೇಲಾದವರ ಸಂಕಟ ಅವನಿಗೂ ಗೊತ್ತಿತ್ತು ಅನ್ನಿ. ಹಾರ್ಟನ್ನಿನಲ್ಲಿ ಮಾತ್ರ ಫಲ ಸಿಕ್ಕಿತು: ಕೆಳಗಿನ ಲೋಲಕ ದಿನಕ್ಕೆ ಎರಡೂಕಾಲು ಸೆಕೆಂಡಿನಷ್ಟು ಮುಂದೆ ಓಡುತ್ತಿತ್ತು. ಎಳೆತ ಹೆಚ್ಚಾದರೆ ತಾನೇ ಲೋಲಕ ಚುರುಕಾಗುವುದು? ಅಂದರೆ ಕೆಳಗೆ ಎಳೆತ ಜಾಸ್ತಿ.

ಹೋದ ಶನಿವಾರ ಹೋಗಿ ಬಂದೆ. ಗಣಿ 1969ರಲ್ಲೇ ಮುಚ್ಚಿದೆ. ದಂಡೆಯ ಗಾಳಿಗೆ ಛತ್ರಿ ಉಲ್ಟಾ ಆಗಿ ಒಂದು ಕಡ್ಡಿ ಮುರಿಯಿತು, ಬಂದ ದಾರಿಗೆ ಸುಂಕವಿಲ್ಲದೆ ವಾಪಸಾದೆ. ಆದರೂ ಮೆಟ್ರೋದಲ್ಲಿ ಕೂತು ಟಿಕೆಟಿನ ಹಿಂದೆ ನಮ್ಮ ಬೋರಿನ ಲೆಕ್ಕ ಹಾಕಿದೆ.

ಯಾಕೆ ಹೀಗೆ ಅಂತ ಹೇಳಲು ಒಂದು ಈರುಳ್ಳಿ ತಗೊಳ್ಳಿ, ಮನೆ ತುಂಬ ಬಿದ್ದಿವೆಯಲ್ಲ. ನೀವು ಈರುಳ್ಳಿಯೊಳಗೆ ಇಳಿಯುತ್ತ ಹೋದಂತೆ, ದಾಟಿ ಬಂದ ಸಿಪ್ಪೆಗಳೆಲ್ಲ ಲೆಕ್ಕದಿಂದ ಬಿದ್ದುಹೋಗುತ್ತವೆ. ತಲೆಯ ಮೇಲಿನ ಸಿಪ್ಪೆ ಹತ್ತಿರದ್ದು, ಆದರೆ ಸ್ವಲ್ಪವೇ. ಕಾಲ ಕೆಳಗೆ ಆಚೆ ಬದಿಯದು ದೂರದ್ದು, ಆದರೆ ಬಹಳ. ಎರಡೂ ಸರಿಗೆ ಸರಿ ಹೋಗಿ ಎಳೆತ ಸೊನ್ನೆ. ಇದನ್ನು ನ್ಯೂಟನ್ 1687ರಲ್ಲೇ ಸಾಧಿಸಿ ತೋರಿಸಿದ. ಉಳಿಯುವುದು ನಿಮ್ಮ ಕೆಳಗಿನ ಚಿಕ್ಕ ಈರುಳ್ಳಿಯ ಎಳೆತ ಮಾತ್ರ. ಒಳಗೆಲ್ಲ ಒಂದೇ ತೂಕದ ಸಿಪ್ಪೆ ಆದರೆ ಇಳಿದಷ್ಟೂ ಎಳೆತ ಕಡಿಮೆ ಆಗಬೇಕು. ನನ್ನ ಪಿಯುಸಿ ಸೂತ್ರ ಇದೇ. ಆದರೆ ಭೂಮಿ ಹಾಗಿಲ್ಲ. ಮೇಲಿನ ಸಿಪ್ಪೆ ಹಗುರ, ಹೊಟ್ಟೆಯಲ್ಲಿ ಕಬ್ಬಿಣ. ಇಡೀ ಭೂಮಿಯ ಸರಾಸರಿ ತೆಗೆದರೆ ನೀರಿಗಿಂತ ಐದೂವರೆ ಪಟ್ಟು ಭಾರ. ನಮ್ಮ ಚಿತ್ರದುರ್ಗದ ಕೋಟೆಯ ಬಂಡೆ ನೀರಿಗಿಂತ ಹೆಚ್ಚುಕಡಿಮೆ 2.7 ಪಟ್ಟು, ಸರಾಸರಿಯ ಅರ್ಧ. ಹಾಗಾಗಿ ಇಳಿದಾಗ ಕಳೆದುಕೊಳ್ಳುವುದು ಹಗುರ ಸಿಪ್ಪೆ, ಹತ್ತಿರವಾಗುವುದು ಭಾರದ ಕಬ್ಬಿಣ. ನಷ್ಟಕ್ಕಿಂತ ಲಾಭ ಜಾಸ್ತಿ.

ಎಷ್ಟು ಜಾಸ್ತಿ? ಎಂಟುನೂರು ಅಡಿ ಅಂದರೆ 244 ಮೀಟರ್. ಐವತ್ತು ಕೆ.ಜಿ. ಮೋಟಾರು ಅಲ್ಲಿ ಹತ್ತಿರ ಹತ್ತಿರ ಒಂದು ಗ್ರಾಂ ಹೆಚ್ಚು ತೂಗುತ್ತದೆ. ಅವತ್ತು ನಿಮ್ಮ ಅಂಗೈ ಕೆಂಪಾಗಿದ್ದು ಪೈಪಿನ ಭಾರಕ್ಕೆ, ಒಳಗೆ ನಿಂತಿದ್ದ ನೀರಿನ ಭಾರಕ್ಕೆ. ಅದು ಬೇರೆ ಮಾತು. ಆದರೆ ಆ ಒಂದು ಗ್ರಾಂ ನಿಮ್ಮದು ಅಪ್ಪಾಜಿ, ನಾನು ಕಿತ್ತುಕೊಂಡಿದ್ದೆ, ವಾಪಸ್ ಕೊಡುತ್ತಿದ್ದೇನೆ.

ಇನ್ನೂ ಕೆಳಗೆ? 2,890 ಕಿಲೋಮೀಟರ್ ತನಕ, ಅಂದರೆ ಕಬ್ಬಿಣದ ಗರ್ಭ ಶುರುವಾಗುವ ತನಕ, ಎಳೆತ ಹೆಚ್ಚುಕಡಿಮೆ ನಮ್ಮ ಹೊಲದಲ್ಲಿ ಇದ್ದಷ್ಟೇ ಇರುತ್ತದೆ. ಆ ಗಡಿಯಲ್ಲಿ ಸ್ವಲ್ಪ ಹೆಚ್ಚೇ: ಇಲ್ಲಿ 9.8 ಇದ್ದದ್ದು ಅಲ್ಲಿ 10.7. ಐವತ್ತು ಕೆ.ಜಿ.ಯ ಅವ್ವ ಅಲ್ಲಿ ತಕ್ಕಡಿ ಹತ್ತಿದರೆ ಐವತ್ನಾಲ್ಕೂವರೆ. ಅಲ್ಲಿಂದ ಮುಂದೆ ಸರಸರನೆ ಇಳಿದು 6,371 ಕಿಲೋಮೀಟರಿನಲ್ಲಿ, ನಟ್ಟನಡುವೆ, ಸೊನ್ನೆ. ಅಲ್ಲಿ ಎಲ್ಲ ಕಡೆಯಿಂದ ಸಮನಾಗಿ ಎಳೆಯುತ್ತದೆ, ದಸರೆಯ ಹಗ್ಗಜಗ್ಗಾಟದಲ್ಲಿ ಹಗ್ಗದ ನಡುವೆ ಕಟ್ಟಿದ ಕರವಸ್ತ್ರದ ಹಾಗೆ. ನಿಮ್ಮ ಪಾತಾಳದ ಮಾತು ತಪ್ಪಿದ್ದು ಇಲ್ಲಿ. ಬೋರು ಭೂಮಿಯ ಆ ಕಡೆಗೂ ತೂತಾಗಿದೆ ಅಂತ ಇಟ್ಟುಕೊಳ್ಳಿ. ಎಳೆತ ಇಲ್ಲದ ಜಾಗದಲ್ಲಿ ಕಲ್ಲು ಅಂಟಿಕೊಂಡು ಕೂರುವುದಿಲ್ಲ. ಸೆಕೆಂಡಿಗೆ ಹತ್ತಿರ ಹತ್ತಿರ ಹತ್ತು ಕಿಲೋಮೀಟರ್ ವೇಗದಲ್ಲಿ ಬಂದದ್ದು ಹಾಗೇ ದಾಟಿ ಆ ಕಡೆ ಏರುತ್ತದೆ. ಏರುತ್ತ ಏರುತ್ತ ನಿಧಾನವಾಗಿ, ಆ ಬಾಯಿಗೆ ಬಂದು ಒಂದು ಗಳಿಗೆ ನಿಂತು, ಹಿಡಿಯುವವರಿಲ್ಲದಿದ್ದರೆ ವಾಪಸ್. ಜೋಕಾಲಿ ಥರ.

ಒಂದು ಸಲ ದಾಟಲು ಎಷ್ಟು ಹೊತ್ತು ಅನ್ನುವುದಕ್ಕೆ ಪುಸ್ತಕಗಳಲ್ಲಿ 42 ನಿಮಿಷ ಅಂತ ಇರುತ್ತಿತ್ತು, ಅದೇ ಒಂದೇ ತೂಕದ ಸಿಪ್ಪೆಯ ಲೆಕ್ಕ. 2015ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಅಲೆಕ್ಸಾಂಡರ್ ಕ್ಲಾಟ್ಸ್ ಅನ್ನುವವರು ನಿಜವಾದ ಸಿಪ್ಪೆಗಳ ತೂಕ ಹಾಕಿ ಲೆಕ್ಕ ಮಾಡಿದರೆ 38 ನಿಮಿಷ ಬಂತು. ದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಕೂತವರು ದಾವಣಗೆರೆ ಮುಟ್ಟುವುದಕ್ಕಿಂತ ಮುಂಚೆ.

ಒಳಗೆ ಇಳಿದು ನೋಡಿದವರು ಯಾರು ಅಂತ ಕೇಳುತ್ತೀರಿ. ಯಾರೂ ಇಲ್ಲ. ಭೂಕಂಪದ ಅಲೆ ಎಲ್ಲಿ ಎಷ್ಟು ಹೊತ್ತಿಗೆ ಮುಟ್ಟಿತು ಅನ್ನುವುದರಿಂದ ತಿಳಿದದ್ದು. ಹಾಗೆ ನೋಡಿಯೇ ಡೆನ್ಮಾರ್ಕಿನ ಇಂಗೆ ಲೇಮನ್ ಅನ್ನುವ ಹೆಣ್ಣುಮಗಳು 1936ರಲ್ಲಿ ಕಬ್ಬಿಣದ ಗರ್ಭದೊಳಗೆ ಇನ್ನೊಂದು ಗಟ್ಟಿ ಗುಂಡು ಇದೆ ಅಂದಳು. ನೀವು ತೆಂಗಿನಕಾಯಿ ಬೆರಳಲ್ಲಿ ಕುಟ್ಟಿ, ಕಿವಿಗೊಟ್ಟು, ಬಲಿತಿದೆ ಅಂತೀರಲ್ಲ, ಆ ಜಾತಿಯ ವಿದ್ಯೆ. ಅಂಗೈ ಮೇಲೆ ಅದೇ ಕಾಯಿ ಮಲಗಿಸಿಕೊಂಡು ಹೊಲ ತಿರುಗಿ "ಇಲ್ಲಿ ಹೊಡೆಸಿ, ಮೂರು ಇಂಚು ನೀರು" ಅಂದವರ ವಿದ್ಯೆ ಅಲ್ಲ. ಅವರ ಮಾತು ಕೇಳಿ ನಾಲ್ಕನೇ ಬೋರಿಗೆ ಸುರಿದ ದುಡ್ಡು ನೆನಪಾದರೆ ನನಗೆ ಇಲ್ಲಿ ಕೂತೇ ಹೊಟ್ಟೆ ಉರಿಯುತ್ತದೆ. ಇರಲಿ.

ಈಗ ಚಿನ್ನಿಗೆ. ಇದನ್ನು ಅವಳ ಕೈಲೇ ಓದಿಸಿ.

ಚಿನ್ನೀ, ನೀನು ಬಿಟ್ಟ ಕಲ್ಲು ನಾನಿರುವ ಊರಿಗೆ ಬರಲ್ಲ ಕಣೆ. ದುರ್ಗದಿಂದ ನೆಟ್ಟಗೆ ಕೊರೆದರೆ ಆ ಕಡೆ ಸಿಗುವುದು ಬರೀ ಸಮುದ್ರ, ಪೆಸಿಫಿಕ್. ಅತ್ತಿತ್ತ ಹುಡುಕಿದರೆ ಈಸ್ಟರ್ ದ್ವೀಪ, ಅದೂ ಸಾವಿರದೈನೂರು ಕಿಲೋಮೀಟರ್ ದೂರ. ನಮ್ಮೂರು ಸಮುದ್ರಕ್ಕಿಂತ ಸುಮಾರು 700 ಮೀಟರ್ ಎತ್ತರದಲ್ಲಿದೆಯಲ್ಲ, ಹಾಗಾಗಿ ಕಲ್ಲು ಆ ಕಡೆ ನೀರಿನ ಮಟ್ಟಕ್ಕೆ ಬಂದು ನಿಲ್ಲಲ್ಲ, ಆಕಾಶಕ್ಕೆ ಇನ್ನೂ 700 ಮೀಟರ್ ಎಗರಿ ಆಮೇಲೆ ವಾಪಸ್ ಬರುತ್ತೆ. ಎಲ್ಲಿಂದ ಬಿಟ್ಟೆಯೋ ಅಷ್ಟೇ ಎತ್ತರ. ನಾನಿರುವ ಊರಿಗೇ ಬರಬೇಕು ಅಂದರೆ ಓರೆಯಾಗಿ ಸುರಂಗ ಕೊರೆಯಬೇಕು. ಆ ಹಳೇ ಪುಸ್ತಕದ ಲೆಕ್ಕದಲ್ಲಿ ಒಂದು ತಮಾಷೆ ಇದೆ: ಉಜ್ಜದೆ ಜಾರುವ ಸುರಂಗ ಎಲ್ಲಿಂದ ಎಲ್ಲಿಗೆ ಕೊರೆದರೂ ಅದೇ 42 ನಿಮಿಷ. ಭರಮಸಾಗರದಿಂದ ದಾವಣಗೆರೆಗೂ ಅಷ್ಟೇ, ನಿಮ್ಮನೆಯಿಂದ ನನ್ನ ರೂಮಿಗೂ ಅಷ್ಟೇ. ಕೊರೆದರೆ ಮೊದಲ ಡಬ್ಬಿಯಲ್ಲಿ ಅಜ್ಜಿಯ ಶೇಂಗಾ ಚಟ್ನಿಪುಡಿ ಕಳಿಸು.

ಇದೆಲ್ಲ ಗಾಳಿ ಇಲ್ಲ, ಬಿಸಿ ಇಲ್ಲ, ಭೂಮಿ ತಿರುಗಲ್ಲ ಅಂತ ಇಟ್ಟುಕೊಂಡ ಮೇಲೆ. ಗಾಳಿ ಇದ್ದರೆ ಕಲ್ಲು ಎಲ್ಲೋ ತಡೆದು ನಿಲ್ಲುತ್ತೆ, ನಡುವೆ 5,000 ಡಿಗ್ರಿ ದಾಟಿದ ಬಿಸಿಯಲ್ಲಿ ಕರಗಿಯೂ ಹೋಗುತ್ತೆ. ಆದರೆ ಭೂಮಿ ತಿರುಗುವುದು ಇದೆಯಲ್ಲ, ಅದು ನಮ್ಮ ಬೋರಿನಲ್ಲೇ ಕಾಣುತ್ತೆ. ಬೋರಿನ ಬಾಯಿ ಭೂಮಿಯ ಅಕ್ಷದಿಂದ ದೂರ, ತಳ ಸ್ವಲ್ಪ ಹತ್ತಿರ. ದೂರದ್ದು ಪೂರ್ವಕ್ಕೆ ಜೋರಾಗಿ ಓಡುತ್ತೆ, ಗಂಟೆಗೆ 1,600 ಕಿಲೋಮೀಟರ್. ಕಲ್ಲು ಆ ಓಟ ಹೊತ್ತುಕೊಂಡೇ ಇಳಿಯುತ್ತೆ, ಹಾಗಾಗಿ ಇಳೀತಾ ಇಳೀತಾ ಪೂರ್ವಕ್ಕೆ ಜರುಗುತ್ತೆ. ಆರೂವರೆ ಇಂಚಿನ ಬೋರಿನ ನಟ್ಟನಡುವೆ ಬಿಟ್ಟರೆ ಎಂಟುನೂರು ಅಡಿಗೆ ಏಳು ಸೆಕೆಂಡು, ಅಷ್ಟರಲ್ಲಿ ಎಂಟು ಸೆಂಟಿಮೀಟರ್ ಜರುಗಿರುತ್ತೆ. ಬೋರಿನ ಅರ್ಧ ಅಗಲವೂ ಎಂಟು ಸೆಂಟಿಮೀಟರ್! ಸೂರ್ಯ ಹುಟ್ಟುವ ಕಡೆಯ ಗೋಡೆಗೆ ಬಡಿಯಿತು ಅಂತಲೇ ಲೆಕ್ಕ. ನೀನು ಕೇಳಿದ ಟಣ್ ಟಣ್ ಅದಲ್ಲ, ಅದು ನೀನು ಓರೆಯಾಗಿ ಎಸೆದದ್ದು. ಇನ್ನು ಆ ಪೂರ್ತಿ ತೂತಿನಲ್ಲಾದರೆ ಗೋಡೆ ಇಲ್ಲದಿದ್ದರೂ ಕಲ್ಲು ಕೇಂದ್ರಕ್ಕೆ ಹೋಗುತ್ತಲೇ ಇರಲಿಲ್ಲ, ಸುಮಾರು ಮುನ್ನೂರು ಕಿಲೋಮೀಟರ್ ದೂರದಿಂದ ಸುತ್ತಿಕೊಂಡು ಹೋಗುತ್ತಿತ್ತು. ನ್ಯೂಟನ್ 1679ರಲ್ಲಿ ಇನ್ನೊಬ್ಬ ವಿಜ್ಞಾನಿ ರಾಬರ್ಟ್ ಹುಕ್‌ಗೆ ಬರೆದ ಕಾಗದದಲ್ಲಿ ಅದು ಸುರುಳಿ ಸುತ್ತಿ ಕೇಂದ್ರ ಸೇರುತ್ತೆ ಅಂತ ಚಿತ್ರ ಬರೆದಿದ್ದ. ಹುಕ್ "ಹಂಗಲ್ಲ, ಮೊಟ್ಟೆಯಾಕಾರಕ್ಕೆ ಸುತ್ತುತ್ತೆ" ಅಂತ ತಿದ್ದಿದ, ಅದೂ ಸಭೆಯಲ್ಲಿ ಓದಿ. ನ್ಯೂಟನ್‌ಗೆ ಬಹಳ ಸಿಟ್ಟು ಬಂತು.

ಅಪ್ಪಾಜಿ, ಕಾಗದ ಬರೆಯಲು ಕೂತ ನಿಜವಾದ ಕಾರಣ ಇನ್ನು ಹೇಳುತ್ತೇನೆ. ಅವಳು ಆ ಚಪ್ಪಡಿ ಎಷ್ಟು ಸಲೀಸಾಗಿ ಸರಿಸಿದಳು ನೋಡಿದಿರಾ? ಎಂಟು ವರ್ಷದ ಹುಡುಗಿ, ಒಂದೇ ಕೈಯಲ್ಲಿ, ಇನ್ನೊಂದು ಕೈಯಲ್ಲಿ ಫೋನು. ಅವಳ ಬೆನ್ನ ಹಿಂದೆ ಪಕ್ಕದ ಮನೆಯ ಕೂಸು ತಪ್ಪುಹೆಜ್ಜೆ ಹಾಕುತ್ತ ಬರುತ್ತಿತ್ತು. ನನ್ನ ಕೈಕಾಲು ತಣ್ಣಗಾದವು. ರಷ್ಯಾದ ಕೋಲಾ ಅನ್ನುವ ಕಡೆ ಜಗತ್ತಿನಲ್ಲೇ ಆಳದ ಬೋರು ಇದೆ, 12,262 ಮೀಟರ್. 1989ರಲ್ಲಿ ಅಲ್ಲಿಗೆ ಮುಟ್ಟಿಸಿದರು. ಒಳಗೆ 180 ಡಿಗ್ರಿ ಬಿಸಿ, ಮುಂದೆ ಕೊರೆಯಲಾಗಲಿಲ್ಲ. ಭೂಮಿಯ ನಡುವಿಗೆ ಹೋಗುವ ದಾರಿಯಲ್ಲಿ ಐನೂರರಲ್ಲಿ ಒಂದು ಪಾಲು ಅಷ್ಟೇ ಅದು. ಅಗಲ ಒಂಬತ್ತು ಇಂಚು, ನಮ್ಮದಕ್ಕಿಂತ ಎರಡೂವರೆ ಇಂಚು ಹೆಚ್ಚು. ಮನುಷ್ಯರೇ ಇಲ್ಲದ ಆ ಜಾಗದಲ್ಲಿ ಅದರ ಬಾಯಿಗೆ ಕಬ್ಬಿಣದ ಮುಚ್ಚಳ ಕೂರಿಸಿ ಸುತ್ತಲೂ ಬೋಲ್ಟ್ ಬಿಗಿದಿದ್ದಾರೆ. ನಮ್ಮದಕ್ಕೆ ಗೋಣಿಚೀಲ.

ನಾಳೆಯೇ ಅಣ್ಣನನ್ನು ಭರಮಸಾಗರಕ್ಕೆ ಕಳಿಸಿ ವೆಲ್ಡಿಂಗ್‌ನವರನ್ನು ಕರೆಸಿ. ಕೇಸಿಂಗ್ ಪೈಪಿನ ಬಾಯಿಗೆ ಪ್ಲೇಟು ಇಟ್ಟು ಬೆಸುಗೆ ಹಾಕಿಸಬೇಕು, ಸುತ್ತ ಒಂದು ಅಡಿ ಕಾಂಕ್ರೀಟು. ಮುಂದೆ ಮಳೆ ನೀರು ಇಂಗಿಸೋಣ ಅಂತ ಅಣ್ಣ ಅಂದರೆ ಅದಕ್ಕೂ ಜಾಲರಿ, ಜಲ್ಲಿಯ ಗುಂಡಿ ಎಲ್ಲ ಕ್ರಮ ಇದೆ, ನಾನು ನಕ್ಷೆ ಬರೆದು ಕಳಿಸುತ್ತೇನೆ. ಅಲ್ಲಿಯವರೆಗೆ ಬೆಸುಗೆ ಇರಲಿ. ದುಡ್ಡು ಇವತ್ತೇ ಹಾಕಿದ್ದೇನೆ. ಕೆಲಸ ಆದ ಮೇಲೆ ಫೋಟೋ ಕಳಿಸಿ, ಪ್ಲೇಟಿನ ಅಂಚು ಕಾಣುವ ಹಾಗೆ. ಚಿನ್ನಿ ಅಳುತ್ತಾಳೆ, ಅಳಲಿ. ಕಲ್ಲು ಬಿಡಬೇಕು ಅಂದರೆ ಕೋಟೆಗೆ ಕರಕೊಂಡು ಹೋಗಿ, ತುಪ್ಪದ ಕೊಳದ ಮೇಲಿನಿಂದ ತೋರಿಸಿ ಊರು ಎಷ್ಟು ಕೆಳಗಿದೆ ಅಂತ.

ಅವ್ವನಿಗೆ ಮಂಡಿ ನೋವಿನ ಎಣ್ಣೆ ಸಿಕ್ಕಿತಾ ಬರೆಯಿರಿ.

ಇಂತಿ ನಿಮ್ಮ ಮಗಳು